ಪರಮೇಶ್ವರಪ್ಪನ ತೆಂಗಿನ ನಾರಿನ ತುರಾಯಿ

ಸುಳ್ಳು ಹೇಳುವುದು ನನ್ನ ಕಸುಬಲ್ಲ, ಬರೆಯುವುದು ನನ್ನ ಕಸುಬು. ಹೊಸದುರ್ಗದ ತಾಲ್ಲೂಕು ಕಚೇರಿ ಮುಂದಿನ ಬೇವಿನ ಮರದ ಬುಡದಲ್ಲಿ ಚಾಪೆ ಹಾಸಿ, ಮಸಿಕುಡಿಕೆ ಇಟ್ಟುಕೊಂಡು ಅರ್ಜಿ ಬರೆದುಕೊಡುವ ಗೋವಿಂದಯ್ಯ ಅಂದರೆ ನಾನೇ. ಜನ ಬಂದು ಹೇಳುತ್ತಾರೆ, ನಾನು ಬರೆಯುತ್ತೇನೆ. ಹೇಳಿದ್ದು ನಿಜವೋ ಸುಳ್ಳೋ, ಅದು ಹೇಳಿದವನ ಹಣೆಬರಹ. ಇದನ್ನು ಮೊದಲೇ ಯಾಕೆ ಒದರುತ್ತಿದ್ದೇನೆ ಅಂದರೆ, ಮುಂದೆ ಒಂದು ಚೀಟಿಯ ವಿಷಯ ಬರುತ್ತದೆ. ಅದು ನನ್ನ ಅಕ್ಷರ, ಒಪ್ಪಿಕೊಳ್ಳುತ್ತೇನೆ. ಅಕ್ಷರ ಚೆನ್ನಾಗಿಯೂ ಇತ್ತು. ಅದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡಿ.

ನಮ್ಮ ಬೀದಿಯ ಪರಮೇಶ್ವರಪ್ಪ ಕೊಬ್ಬರಿ ವ್ಯಾಪಾರಿ. ಒಳ್ಳೆಯ ಮನುಷ್ಯ, ಯಾರಿಗೂ ಕೇಡು ಬಯಸಿದವನಲ್ಲ. ಆದರೆ ಅವನ ಬಾಯಿ ಮುಂದೆ ಓಡುತ್ತದೆ, ಬುದ್ಧಿ ಹಿಂದಿನಿಂದ ಏದುಸಿರು ಬಿಡುತ್ತಾ ಬರುತ್ತದೆ. ಬುದ್ಧಿ ಬಂದು ತಲುಪುವಷ್ಟರಲ್ಲಿ ಬಾಯಿ ಕೆಲಸ ಮುಗಿಸಿ ಕೈ ತೊಳೆದಿರುತ್ತದೆ.

ಆ ವರ್ಷ ಅವನ ಮಗಳು ಶಿವಗಂಗಮ್ಮನಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಹುಡುಗಿ ಸುಲಭಕ್ಕೆ ಒಪ್ಪುವವಳಲ್ಲ. ಹಿರಿಯೂರಿನ ಗಂಡಿಗೆ ಹಲ್ಲು ಸರಿಯಿಲ್ಲ ಅಂದಳು, ಚಿತ್ರದುರ್ಗದ ಗಂಡಿಗೆ ಮಾತು ಸರಿಯಿಲ್ಲ ಅಂದಳು. ಹೊಳಲ್ಕೆರೆಯ ಗಂಡು ಬಂದು ಹೋದ ದಿನ ಮಾತ್ರ ಏನೂ ಅನ್ನದೆ ಒಳಗೆ ಹೋಗಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ತಾಯಿ ಕೊಟ್ರಮ್ಮ ಆ ಸಾರು ಒಂದು ಗುಟುಕು ಕುಡಿದು, 'ಸಾಕು, ಇದೇ ಗಂಡು' ಅಂತ ತೀರ್ಮಾನ ಮಾಡಿದಳು.

ತೊಡಕು ಇದ್ದದ್ದು ಗಂಡಿನ ಅಪ್ಪನಲ್ಲಿ. ಹೊಳಲ್ಕೆರೆಯ ಪಂಚಾಕ್ಷರಪ್ಪನವರು ಅಂದರೆ ಆಚಾರದ ಬೆಟ್ಟ. ದಾರಿಯಲ್ಲಿ ಇರುವೆ ಸಾಲು ಕಂಡರೆ ಗಾಡಿ ನಿಲ್ಲಿಸಿ, ಕಡೆಯ ಇರುವೆ ದಾಟುವ ತನಕ ಕಾಯುತ್ತಿದ್ದರು. ದೀಪಕ್ಕೆ ಹುಳ ಬಿದ್ದು ಸಾಯುತ್ತವೆ ಅಂತ ಹೊತ್ತು ಮುಳುಗುವುದರೊಳಗೆ ಉಂಡು ಮಲಗುತ್ತಿದ್ದರು. ಹಿಂದೆ ಒಂದು ಸಂಬಂಧ ವೀಳ್ಯದ ಹಂತಕ್ಕೆ ಬಂದಾಗ, ಹೆಣ್ಣಿನ ಸೋದರಮಾವನ ಮನೆ ಗೋಡೆಯ ಮೇಲೆ ಜಿಂಕೆ ಕೊಂಬು ನೋಡಿ, ತಟ್ಟೆಯಲ್ಲಿದ್ದ ಎಲೆ ಅಡಿಕೆ ಹಾಗೇ ಬಿಟ್ಟು ಎದ್ದು ಬಂದಿದ್ದರಂತೆ. ಅಂಥವರ ಮನೆಗೆ ಮಗಳನ್ನು ಕೊಡುವವನು ಮೈಯೆಲ್ಲ ಕಣ್ಣಾಗಿರಬೇಕು. ಪರಮೇಶ್ವರಪ್ಪ ಮೈಯೆಲ್ಲ ಸಡಗರವಾಗಿದ್ದ.

ಬೀಗರ ಎದುರು ತನ್ನ ಪೇಟ ತೀರಾ ಬೋಳಾಗಿ ಕಾಣುತ್ತದೆ ಅನ್ನುವ ಯೋಚನೆ ಅವನಿಗೆ ಯಾವಾಗ ಹೊಕ್ಕಿತೋ ಶಿವನೇ ಬಲ್ಲ. ಕೊಬ್ಬರಿ ಮೂಟೆ ಹಾಕಲು ರೈಲು ಸ್ಟೇಷನ್ನಿಗೆ ಗಾಡಿ ಹೊಡೆದುಕೊಂಡು ಹೋದವನು ಅಲ್ಲಿ ಕರೀ ಕೋಟಿನ ಒಬ್ಬ ಏಜೆಂಟನನ್ನು ಕಂಡ. ಏಜೆಂಟನ ಟ್ರಂಕಿನಲ್ಲಿ ಬೆಳ್ಳಗೆ, ನವಿರಾಗಿ, ಊದಿದರೆ ನಡುಗುವಂಥ ತುರಾಯಿಗಳಿದ್ದವು.

"ಲಂಡನ್ನಿನ ದೊರೆಸಾನಿಯರು ಇದನ್ನ ತಲೆಗೆ ಸಿಕ್ಕಿಸಿಕೊಳ್ಳದೆ ಹೊಸ್ತಿಲು ದಾಟೋದಿಲ್ಲ ಸ್ವಾಮಿ" ಅಂದ ಏಜೆಂಟ.

"ಯಾವುದ್ರಾಗೆ ಮಾಡಿದ್ದು?"

"ಸೀಮೆಯೋರು ಮೆಚ್ಚೋ ಮಾಲು ಸ್ವಾಮಿ" ಅಂದ ಏಜೆಂಟ, ಪ್ರಶ್ನೆಗೆ ಉತ್ತರ ಕೊಡದೆ.

ಆ ಕಾಲದಲ್ಲಿ ಸೀಮೆ ಅಂದರೆ ಮುಗಿಯಿತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಯಾವುದರ ಹುಟ್ಟನ್ನೂ ಯಾರೂ ಕೇಳುತ್ತಿರಲಿಲ್ಲ. ಇದು ಸೀಮೆ ರೇಷ್ಮೆ ಅಂತ ಪರಮೇಶ್ವರಪ್ಪ ತಾನೇ ತೀರ್ಮಾನಿಸಿಕೊಂಡು, ಒಂದನ್ನು ಕೊಂಡು, ಅಲ್ಲೇ ಪೇಟಕ್ಕೆ ಸಿಕ್ಕಿಸಿಕೊಂಡು ಊರಿಗೆ ಬಂದ.

ಮೂರು ದಿನ ಊರು ಆ ತಲೆಯನ್ನು ನೋಡಿತು. ನೋಡದೆ ವಿಧಿಯಿರಲಿಲ್ಲ. ತುರಾಯಿ ಅಲ್ಲಾಡಲಿ ಅಂತ ಅವನು ಕೇಳಿದ್ದಕ್ಕೂ ಕೇಳದ್ದಕ್ಕೂ ತಲೆ ಆಡಿಸುತ್ತಿದ್ದ. "ಕೊಬ್ಬರಿ ಧಾರಣೆ ಬಿದ್ದೋಯ್ತಂತಲ್ಲ" ಅಂದರೆ ಹೌದು ಹೌದು ಅಂತ ಹಿಗ್ಗಿನಿಂದ ತಲೆ ಆಡಿಸಿದ. ನನ್ನ ಚಾಪೆಯ ಹತ್ತಿರ ದಿನಕ್ಕೆ ನಾಲ್ಕು ಸಲ ಬಂದು, ಅರ್ಜಿ ಏನೂ ಇಲ್ಲದೆ, ಗಾಳಿ ಬರುವ ದಿಕ್ಕಿಗೆ ನಿಂತು ಹೋಗುತ್ತಿದ್ದ. ಪಕ್ಕದ ಮನೆಯ ಏಕನಾಥಮ್ಮ ಮಾತ್ರ ಜಗಲಿಯಿಂದಲೇ ಕೇಳಿದಳು: "ಏನ್ರೀ ಯಜಮಾನ್ರೆ, ತಲೆ ಮ್ಯಾಲೆ ಕಬ್ಬಿನ ಸೂಲಂಗಿ ಹೂ ಬಂದೈತೆ? ಕಟಾವು ಯಾವಾಗ?"

"ನಿಂಗೇನು ಗೊತ್ತಮ್ಮ, ಇದು ಲಂಡನ್ನಿಂದು."

"ಅಲ್ಲೂ ಕಬ್ಬು ಬೆಳೀತಾರಾ!" ಅಂತ ಏಕನಾಥಮ್ಮ ಬೀದಿಗೆಲ್ಲ ಕೇಳುವಂತೆ ಬೆರಗಾದಳು.

ನಾಲ್ಕನೆಯ ದಿನ ಬೆಳಗ್ಗೆ ನಾನು ಅವನ ಅಂಗಳದಲ್ಲಿದ್ದೆ. ವೀಳ್ಯಕ್ಕೆ ಬೇಕಾದ ಸಾಮಾನಿನ ಪಟ್ಟಿ ಬರೆಸಲು ಕರೆದಿದ್ದ. ಅಂಗಳದ ತುಂಬ ತೆಂಗಿನ ಸಿಪ್ಪೆ, ನಾರಿನ ರಾಶಿ. ಆಗ ಹಟ್ಟಿಯ ಕೆಂಚಕ್ಕ ಬೆಣ್ಣೆ ಹಾಕಲು ಬಂದಳು. ಕೆರೆಯ ದಡದಲ್ಲಿ ಕುರಿ ಮೇಯಿಸಿಕೊಂಡೇ ತಲೆ ನೆರೆದ ಹೆಂಗಸು. ಬುಟ್ಟಿ ಇಳಿಸಿದವಳೇ ಪರಮೇಶ್ವರಪ್ಪನ ಪೇಟ ನೋಡಿ ಎದೆ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ ನನ್ನಪ್ಪನೆ! ಬೆಳ್ಳಕ್ಕಿ ಗರಿ ಯಾಕ್ರಿ ತಲೆಗೆ ಇಟ್ಕಂಡೀರಿ?"

"ಬೆಳ್ಳಕ್ಕಿ? ಇದು ಸೀಮೆ ರೇಷ್ಮೆ ಕೆಂಚಕ್ಕ."

"ನಾ ಕಾಣ್ದಿದ್ದಾ? ಬೆನ್ನ ಮ್ಯಾಲಿನ ಗರಿ ಇದು. ಗೂಡು ಕಟ್ಟೋ ಕಾಲಕ್ಕಷ್ಟೇ ಬರ್ತೈತೆ, ಆಮೇಲೆ ಉದುರೋಗ್ತೈತೆ. ಅದಕ್ಕೇ ಗೂಡಾಗೆ ಕುಂತಾಗ್ಲೇ ಈಡು ಹೊಡೆದು ಕೆಡವ್ತಾರೆ. ಮರಿಗಳು ಬಾಯಿ ತಕ್ಕಂಡು ಕೂಗಿ ಕೂಗಿ ಸಾಯ್ತವೆ. ಹಿರಿಯೂರು ಕಡೆ ಮರಗಳೆಲ್ಲ ಖಾಲಿ ಮಾಡಿದ್ರಂತೆ. ನಮ್ಮ ಹಟ್ಟಿ ಕೆರೆ ಹುಣಸೆ ಮರದಾಗೆ ಹತ್ತೋ ಹನ್ನೆರಡೋ ಗೂಡು ಉಳಿದಾವೆ, ಅಷ್ಟೇಯ."

ಪರಮೇಶ್ವರಪ್ಪನ ಮುಖ ತುರಾಯಿಗಿಂತ ಬಿಳಿಯಾಯಿತು. ಕೊಟ್ರಮ್ಮ ಒಳಗಿನಿಂದ ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಕೊರಳಾಗೆ ಲಿಂಗ, ತಲೆ ಮ್ಯಾಲೆ ಹೆಣ!" ಅಂದಳು. "ಬಿಸಾಕ್ರಿ ಅದನ್ನ! ಹೊಳಲ್ಕೆರೆಯೋರ ಕಿವಿಗೆ ಬಿದ್ರೆ ಮಗಳ ಗತಿ ಏನು?"

ಅವನು ಪೇಟ ತೆಗೆದು, ತುರಾಯಿ ಕೀಳಲು ಕೈ ಹಾಕಿದ್ದಾನೆ, ಬೀದಿಯಲ್ಲಿ ಗಾಡಿಯ ಗೆಜ್ಜೆ ಸದ್ದು. ಯಾರು ಬರಬಾರದಾಗಿತ್ತೋ ಅವರೇ ಬಂದರು. ಪಂಚಾಕ್ಷರಪ್ಪನವರು ಹೇಳದೆ ಕೇಳದೆ, ಮಠಕ್ಕೆ ಹೋಗುವ ದಾರಿಯಲ್ಲಿ ಬೀಗರ ಮನೆಗೆ ಒಂದು ಕಾಲು ಇಟ್ಟು ಹೋಗೋಣ ಅಂತ ಇಳಿದಿದ್ದರು.

"ಬರ್ರಿ ಬರ್ರಿ, ಕುಂತ್ಕಳ್ರಿ" ಅಂದ ಪರಮೇಶ್ವರಪ್ಪ, ಪೇಟವನ್ನು ಬೆನ್ನ ಹಿಂದೆ ಹಿಡಿದು. ಬೆನ್ನ ಹಿಂದಿನಿಂದ ತುರಾಯಿ ಭುಜದ ಮೇಲೆ ಇಣುಕುತ್ತಿತ್ತು.

ಪಂಚಾಕ್ಷರಪ್ಪನವರ ಹುಬ್ಬು ಗಂಟಾಯಿತು. "ಅದೇನ್ರಿ ಅದು? ಪುಕ್ಕ ಇದ್ದಂಗೈತಲ್ಲ?"

ಇಲ್ಲೇ ನೋಡಿ ಆ ಬಾಯಿ ಓಡಿದ್ದು. "ಪುಕ್ಕಾನಾ? ಶಿವಶಿವಾ! ತೆಂಗಿನ ನಾರ್ರೀ ಇದು. ನಾನೇ ಕೈಯಾರೆ ಮಾಡಿದ್ದು" ಅಂದುಬಿಟ್ಟ. ಎದುರಿಗೆ ನಾರಿನ ರಾಶಿ ಬಿದ್ದಿತ್ತು, ಕಣ್ಣಿಗೆ ಕಂಡದ್ದು ಬಾಯಿಗೆ ಬಂತು.

ಕೆಂಚಕ್ಕ ಬಾಯಿ ತೆರೆದಳು. ಕೊಟ್ರಮ್ಮ ಅವಳ ಕೈ ಹಿಡಿದು "ಬಾ, ಬೆಣ್ಣೆ ತೂಗಾಣ" ಅಂತ ಒಳಗೆ ಎಳೆದುಕೊಂಡು ಹೋದಳು.

ಪಂಚಾಕ್ಷರಪ್ಪನವರು ತುರಾಯಿಯನ್ನು ಕೈಗೆ ತೆಗೆದುಕೊಂಡರು. ಬಿಸಿಲಿಗೆ ಹಿಡಿದರು. ಊದಿದರು. ಅವರ ಕಣ್ಣಲ್ಲಿ ನೀರು ಬಂತು. ನಾನು ಕಣ್ಣಾರೆ ಕಂಡೆ.

"ಪರಮೇಶ್ವರಪ್ಪ, ನೀವೆಂಥ ಪುಣ್ಯವಂತ್ರು! ಆ ಸೀಮೆ ಪಾಪಿಗಳು ಶೋಕಿಗೆ ಅಂತ ಹಕ್ಕಿ ಕೊಲ್ತಾರೆ. ನೀವು ಕೂತ ಕಡೆ ನಾರಿನಾಗೆ ಹಕ್ಕೀನ ನಾಚಿಸೋ ಗರಿ ಮಾಡೀರಿ. ಒಂದು ಜೀವಕ್ಕೂ ನೋವಿಲ್ಲ. ಇದನ್ನ ನಾನು ಮಠದಾಗೆ ಎಲ್ಲರಿಗೂ ತೋರಿಸ್ಲೇಬೇಕು. ಕೊಡ್ತೀರಾ?"

"ತಗಳ್ರಿ, ತಗಳ್ರಿ!" ಅಂದ ಪರಮೇಶ್ವರಪ್ಪ. ಮನೆಯಿಂದ ತೊಲಗಿದರೆ ಸಾಕಾಗಿತ್ತು ಅವನಿಗೆ. ತಾನೇ ಮುಂದೆ ನಿಂತು ಬೀಗರ ಪೇಟಕ್ಕೆ ಸಿಕ್ಕಿಸಿಕೊಟ್ಟ. ಇರುವೆಗೆ ಗಾಡಿ ನಿಲ್ಲಿಸುವ ಮನುಷ್ಯ ಬೆಳ್ಳಕ್ಕಿಯ ಬೆನ್ನ ಗರಿ ತಲೆಯ ಮೇಲೆ ಕುಣಿಸಿಕೊಂಡು ಮಠದ ದಾರಿ ಹಿಡಿದರು.

ಗಾಡಿ ಮರೆಯಾದ ಮೇಲೆ ಕೊಟ್ರಮ್ಮ ಹೊರಗೆ ಬಂದು ಗಂಡನನ್ನು ಕಾಲಿನಿಂದ ತಲೆಯ ತನಕ ನೋಡಿದಳು. "ನಿಮ್ಮ ಪಾಪ ನಿಮಗೆ ಸಾಲ್ದು ಅಂತ ಬೀಗರ ತಲೆಗೂ ಕಟ್ಟಿದ್ರಾ?"

"ಹೋತಲ್ಲ, ಬಿಡೇ" ಅಂದ ಅವನು. "ಪೀಡೆ ತೊಲಗ್ತು."

ಪೀಡೆ ತೊಲಗಿರಲಿಲ್ಲ, ಸುತ್ತಾಡಿ ಬರಲು ಹೋಗಿತ್ತು. ಪಂಚಾಕ್ಷರಪ್ಪನವರು ಅದನ್ನು ಮಠದಲ್ಲಿ ತೋರಿಸಿದರು. ಚಿತ್ರದುರ್ಗದ ಮಂಡಿಯಲ್ಲಿ ತೋರಿಸಿದರು. ಹೊಳಲ್ಕೆರೆಯಲ್ಲಂತೂ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ, ತಲೆ ಬಗ್ಗಿಸಿ, "ಮುಟ್ಟಿ ನೋಡ್ರಿ, ನಾರು ಅಂದ್ರೆ ನಂಬ್ತೀರಾ?" ಅನ್ನುತ್ತಿದ್ದರಂತೆ. ಯಾರೂ ನಂಬುತ್ತಿರಲಿಲ್ಲ. ಆಮೇಲೆ ಹೇಳುತ್ತಿರುವವರು ಯಾರು ಅಂತ ನೋಡಿ ನಂಬುತ್ತಿದ್ದರು.

ವಾರದೊಳಗೆ ಕಚೇರಿಯ ಜವಾನ ಬಂದು ಪರಮೇಶ್ವರಪ್ಪನನ್ನು ಕರೆದ. ಹೆದರಿಕೆಗೆ ಜೊತೆಗಿರಲಿ ಅಂತ ಅವನು ನನ್ನ ತೋಳು ಹಿಡಿದು ಎಳೆದುಕೊಂಡು ಹೋದ. ಒಳಗೆ ಅಮಲ್ದಾರರ ಪಕ್ಕದ ಕುರ್ಚಿಯಲ್ಲಿ ಪಂಚಾಕ್ಷರಪ್ಪನವರು, ಅವರ ತಲೆಯ ಮೇಲೆ ಅದೇ ತುರಾಯಿ.

ಅಮಲ್ದಾರರು ಮೈಸೂರು ಕಡೆಯವರು, ಪ್ರತಿ ಮಾತನ್ನೂ ಇಸ್ತ್ರಿ ಮಾಡಿ ಆಡುವವರು. "ಬನ್ನಿ ಪರಮೇಶ್ವರಪ್ಪನವರೆ. ಹಕ್ಕಿಯ ಗರಿಗಳನ್ನು ಹಡಗಿಗೆ ಹಾಕಕೂಡದು ಅಂತ ಇಂಗ್ಲಿಷರ ಸರ್ಕಾರ ಹುಕುಂ ಮಾಡಿ ವರ್ಷಗಳಾದವು. ಆದರೂ ಕಳ್ಳತನದಲ್ಲಿ ಸಾಗಿಸುತ್ತಲೇ ಇದ್ದಾರೆ. ಅಂಥದ್ದರಲ್ಲಿ ತಾವು ಈ ಕೈಗಾರಿಕೆ ಕಂಡುಹಿಡಿದಿದ್ದೀರಿ. ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ನಿಮ್ಮ ತಾಲ್ಲೂಕಿನಿಂದ ಏನು ಕಳಿಸುತ್ತೀರಿ ಅಂತ ಚಿತ್ರದುರ್ಗದಿಂದ ಮೂರು ಕಾಗದ ಬಂದಿವೆ. ಹೋದ ವರ್ಷ ಕುಂಬಳಕಾಯಿ ಕಳಿಸಿದೆವು. ದಾರಿಯಲ್ಲೇ ಕೊಳೆಯಿತು. ಮೇಲಿನವರು ಏನೇನು ಬರೆದರು ಅಂತ ಹೇಳಲಾರೆ. ಈ ಸಲ ಹನ್ನೆರಡು ತುರಾಯಿ ಬೇಕು. ಎಂಟು ದಿನ."

"ಸ್ವಾಮಿ, ಅದು ಬಲು ನಾಜೂಕು ಕೆಲಸ..."

"ಮಾಡ್ತಾರೆ ಸ್ವಾಮಿ!" ಅಂದರು ಪಂಚಾಕ್ಷರಪ್ಪನವರು. "ಹನ್ನೆರಡೂ ಮೈಸೂರಿನ ಗಾಡಿ ಹತ್ತಿದ ಮಾರನೇ ದಿನಾನೇ ನಮ್ಮ ಹುಡುಗನ ವೀಳ್ಯ. ಇದು ನನ್ನ ಮಾತು."

ಪರಮೇಶ್ವರಪ್ಪ ತಲೆ ಆಡಿಸಿದ. ಈ ಸಲ ಮೇಲೆ ಅಲ್ಲಾಡಲು ಏನೂ ಇರಲಿಲ್ಲ.

ಆಮೇಲೆ ಅವನ ಅಂಗಳದಲ್ಲಿ ನಡೆದದ್ದನ್ನು ಕೈಗಾರಿಕೆ ಅನ್ನಬೇಕೋ ಗ್ರಹಚಾರ ಅನ್ನಬೇಕೋ ನನಗೆ ತಿಳಿಯದು. ನಾರನ್ನು ಸುಣ್ಣದ ನೀರಲ್ಲಿ ನೆನೆಸಿದರು. ಸವಳು ಮಣ್ಣಿನ ನೀರಲ್ಲಿ ಕುದಿಸಿದರು. ಒಗೆಯುವ ಕಲ್ಲಿನ ಮೇಲೆ ಬಡಿದರು, ಕೊಟ್ರಮ್ಮನ ಬಾಚಣಿಗೆಯಲ್ಲಿ ಬಾಚಿದರು. ಬಾಚಣಿಗೆಯ ಹಲ್ಲು ಉದುರಿತು, ನಾರು ಜಪ್ಪಯ್ಯ ಅನ್ನಲಿಲ್ಲ. ಮೊದಲನೆಯ ತುರಾಯಿ ಕಸಪೊರಕೆ ಆಯಿತು. ಎರಡನೆಯದು ಬೈರಾಗಿಯ ಗಡ್ಡ ಆಯಿತು. ಮೂರನೆಯದಕ್ಕೆ ಗಂಜಿ ಹಾಕಿ ಬಿಸಿಲಿಗೆ ಇಟ್ಟರೆ ಮೇಕೆ ಬಂದು ತಿಂದುಕೊಂಡು ಹೋಯಿತು. ಯಾರಾದರೂ ಮೆಚ್ಚಿದ್ದು ಅಂದರೆ ಅದೊಂದನ್ನೇ. ಏಕನಾಥಮ್ಮ ಬಂದು ಪೊರಕೆಯಂಥದ್ದನ್ನು ಎತ್ತಿಕೊಂಡು ಹೋಗಿ, ಸಂಜೆ ಮತ್ತೆ ಬಂದಳು.

"ಪಾತ್ರೆ ಬಲು ಚೆನ್ನಾಗಿ ಬೆಳಗ್ತೈತೆ ಯಜಮಾನ್ರೆ. ಇನ್ನೆರಡು ಲಂಡನ್ನಿಂದು ಮಾಡಿಕೊಡ್ರಿ."

ಆರನೆಯ ದಿನ ಮಧ್ಯಾಹ್ನ ಕರೀ ಕೋಟಿನ ಏಜೆಂಟ ತಾನಾಗಿ ಹುಡುಕಿಕೊಂಡು ಬಂದ. ಗರಿಯನ್ನೇ ಮೀರಿಸುವ ನಾರು ಹೊಸದುರ್ಗದಲ್ಲಿದೆ ಅನ್ನುವ ಸುದ್ದಿ ಅವನಿಗೂ ಮುಟ್ಟಿತ್ತು. ಅಂಗಳದಲ್ಲಿ ಬಿದ್ದಿದ್ದ ಬೈರಾಗಿ ಗಡ್ಡ ನೋಡಿ ಒಂದೇ ಗಳಿಗೆಯಲ್ಲಿ ಎಲ್ಲ ಅರ್ಥ ಮಾಡಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕ.

"ಯೋಚನೆ ಬೇಡ ಸ್ವಾಮಿ. ನಿಮಗೆ ಬೇಕಾದ್ದು ಹನ್ನೆರಡು ತುರಾಯಿ, ನಾನು ತಂದು ಕೊಡ್ತೇನೆ. ನನಗೆ ಬೇಕಾದ್ದು ಒಂದು ಚೀಟಿ. 'ಈ ಟ್ರಂಕಿನಲ್ಲಿರುವ ತುರಾಯಿಗಳು ನಾನು ತೆಂಗಿನ ನಾರಿನಿಂದ ಮಾಡಿದ್ದು' ಅಂತ ಬರೆದು ಸಹಿ ಹಾಕಿ. ನಿಮ್ಮ ಹೆಸರಿದ್ದರೆ ಸುಂಕದವರು ಯಾರೂ ತಡೆಯಲ್ಲ."

ಪರಮೇಶ್ವರಪ್ಪ ನನ್ನ ಕಡೆ ನೋಡಿದ. ನಾನು ಮಸಿಕುಡಿಕೆ ಕಡೆ ನೋಡಿದೆ. ಹೇಳುವವನು ಹೇಳಿದ ಮೇಲೆ ಬರೆಯುವವನು ಬರೆಯಬೇಕು. ಬರೆದೆ. ಅವನು ಸಹಿ ಹಾಕಿದ.

"ಹನ್ನೆರಡು ಎಲ್ಲಿಂದ ತರ್ತೀರಿ?" ಅಂತ ಆಮೇಲೆ ಕೇಳಿದ. ಬುದ್ಧಿ ಈಗ ಬಂದು ತಲುಪಿತ್ತು.

"ಇಲ್ಲೇ ಹಟ್ಟಿ ಹತ್ತಿರ ಒಂದು ಕೆರೆ ಇದೆಯಂತಲ್ಲ, ಹುಣಸೆ ಮರ. ಟ್ರಂಕಿನದು ಎಣಿಸಿ ಕಟ್ಟಿದ ಮಾಲು, ಅದರಿಂದ ತೆಗೆಯೋ ಹಾಗಿಲ್ಲ. ಅದನ್ನ ರೈಲಿಗೆ ಹಾಕಿ, ಬೇಟೆಯವರನ್ನ ಕರೆದುಕೊಂಡು ಬರ್ತೇನೆ" ಅಂತ ಏಜೆಂಟ ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡು ಹೋದ.

ಶಿವಗಂಗಮ್ಮ ಕಂಬದ ಮರೆಯಲ್ಲಿ ನಿಂತಿದ್ದಳು. ಹುಡುಗಿ ನಾಲ್ಕು ದಿನದಿಂದ ನಾರು ಬಾಚಿ ಬಾಚಿ ಬೆರಳ ತೊಗಲು ಕಿತ್ತುಕೊಂಡಿದ್ದಳು. ಆ ಗಂಡಿನ ಮೇಲೆ ಅವಳಿಗೆ ಎಷ್ಟು ಆಸೆ ಅಂತ ಆ ಬೆರಳು ನೋಡಿದರೆ ಸಾಕಿತ್ತು.

"ಅಪ್ಪಯ್ಯ" ಅಂದಳು, "ನನ್ನೊಬ್ಬಳ ವೀಳ್ಯಕ್ಕೆ ಎಷ್ಟು ಹಕ್ಕಿ ಬೇಕಾಗ್ತವೆ?"

ಆ ಹೊತ್ತು ಪರಮೇಶ್ವರಪ್ಪ ಊಟಕ್ಕೆ ಏಳಲಿಲ್ಲ.

ಮಾರನೇ ದಿನ ಬೆಳಗ್ಗೆ ಹತ್ತು ಗಂಟೆಗೆ ಕಚೇರಿ ಮುಂದೆ ಜಾತ್ರೆಯಷ್ಟು ಜನ. ಸ್ಟೇಷನ್ನಿನಲ್ಲಿ ದಫೇದಾರ ಏಜೆಂಟನ ಟ್ರಂಕು ಬಿಚ್ಚಿಸಿದ್ದ. ಒಳಗೆ ಮೇಲಿನಿಂದ ಕೆಳಗಿನ ತನಕ ಬರೀ ತುರಾಯಿ. ಏಜೆಂಟ ಚೀಟಿ ತೋರಿಸಿದ್ದ. ದಫೇದಾರನಿಗೆ ಓದು ಬಾರದು, ಆದರೆ ಅನುಮಾನ ಬರುತ್ತಿತ್ತು. ಟ್ರಂಕು, ಏಜೆಂಟ, ಚೀಟಿ ಮೂರನ್ನೂ ಗಾಡಿಗೆ ಹಾಕಿ ಅಮಲ್ದಾರರ ಮುಂದೆ ತಂದು ನಿಲ್ಲಿಸಿದ್ದ.

ಹನ್ನೆರಡು ತುರಾಯಿ ಎಲ್ಲಿಗೆ ಬಂದವು ಅಂತ ನೋಡಲು ಹೊಳಲ್ಕೆರೆಯಿಂದ ಪಂಚಾಕ್ಷರಪ್ಪನವರು ಬಂದಿದ್ದರು. ಕೊಟ್ರಮ್ಮ, ಮಗಳು, ಏಕನಾಥಮ್ಮ ಕಿಟಕಿಯ ಹೊರಗೆ. ಕೆಂಚಕ್ಕ ಬೆಣ್ಣೆ ಬುಟ್ಟಿ ಸಮೇತ ಬಾಗಿಲಲ್ಲಿ. ನಾನು ಗೋಡೆಗೆ ಆದಷ್ಟು ಅಂಟಿಕೊಂಡು ನಿಂತಿದ್ದೆ.

ಅಮಲ್ದಾರರು ಚೀಟಿ ಓದಿದರು. "ಅಕ್ಷರ ಬಹಳ ದುಂಡಾಗಿದೆ. ಯಾರದು?" ಅಂದರು. ನಾನು ಸೂರು ನೋಡಿದೆ. ಊರೆಲ್ಲ ನನ್ನನ್ನು ನೋಡಿತು.

"ಇರಲಿ. ಪರಮೇಶ್ವರಪ್ಪನವರೆ, ಈ ಮಾಲು ತಾವು ಮಾಡಿದ್ದು, ನಾರಿನದ್ದು ಅಂತ ಚೀಟಿ ಹೇಳುತ್ತದೆ. ತಾವೂ ಒಂದು ಮಾತು ಹೌದು ಅಂದರೆ ಟ್ರಂಕನ್ನು ಬಿಟ್ಟುಬಿಡುತ್ತೇನೆ. ಸರ್ಕಾರಕ್ಕೆ ನಿಮ್ಮ ಮಾತಿಗಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ."

ಏಜೆಂಟ ಪರಮೇಶ್ವರಪ್ಪನ ಕಿವಿಯ ಹತ್ತಿರ ಬಗ್ಗಿ, "ಹೌದು ಅನ್ನಿ ಸ್ವಾಮಿ. ಸಾಯಂಕಾಲಕ್ಕೆ ನಿಮ್ಮ ಹನ್ನೆರಡು ನಿಮ್ಮ ಮನೇಲಿ" ಅಂದ. ಮೆಲ್ಲಗೆ ಅಂದಿದ್ದ, ಆದರೆ ಕಚೇರಿ ಆಗ ಉಸಿರು ಹಿಡಿದಿತ್ತು, ಗೋಡೆಯ ತನಕ ಕೇಳಿಸಿತು.

ಪರಮೇಶ್ವರಪ್ಪ ಬಾಯಿ ತೆರೆದ. ಮುಚ್ಚಿದ. ಬಾಗಿಲಲ್ಲಿದ್ದ ಕೆಂಚಕ್ಕನನ್ನು ನೋಡಿದ, ಕಿಟಕಿಯಲ್ಲಿದ್ದ ಮಗಳನ್ನು ನೋಡಿದ. ಐವತ್ತು ವರ್ಷದಲ್ಲಿ ಮೊದಲ ಸಲ ಅವನ ಬಾಯಿ ಬುದ್ಧಿಗಾಗಿ ಕಾದು ನಿಂತದ್ದನ್ನು ನಾನು ಕಂಡೆ.

"ಗರಿ, ಸ್ವಾಮಿ" ಅಂದ. "ಟ್ರಂಕಿನಾಗೆ ಇರೋದೂ ಗರಿ. ನಾನು ಮೂರು ದಿನ ಮೆರೆಸಿದ್ದೂ ಗರಿ. ಗೂಡಾಗೆ ಕುಂತ ಬೆಳ್ಳಕ್ಕಿ ಕೊಂದು ಕಿತ್ತಿದ್ದು. ಮೊದ್ಲು ನಂಗೆ ಗೊತ್ತಿರ್ಲಿಲ್ಲ. ಗೊತ್ತಾದ ಮ್ಯಾಲೂ ನಾರು ಅಂದೆ. ಮಗಳ ಸಂಬಂಧ ಮುರಿದೋದೀತು ಅಂತ ಹೆದರಿ ಅಂದೆ. ನಾರಿನಾಗೆ ನಂಗೆ ಹಗ್ಗ ಹೊಸೆಯೋಕೂ ಬರಾಕಿಲ್ಲ."

ಅಷ್ಟರಲ್ಲಿ "ಸುಳ್ಳು!" ಅಂತ ಒಂದು ಗರ್ಜನೆ. ಎದ್ದು ನಿಂತವರು ಪಂಚಾಕ್ಷರಪ್ಪನವರು, ತಲೆಯ ಮೇಲೆ ತುರಾಯಿ ಥರಥರ.

"ಸ್ವಾಮಿ, ಇವರ ಮಾತು ನಂಬಬ್ಯಾಡ್ರಿ! ವ್ಯಾಪಾರಸ್ಥರ ಬುದ್ಧಿ ನನಗೆ ಗೊತ್ತಿಲ್ವಾ? ಕಸುಬಿನ ಗುಟ್ಟು ಸರ್ಕಾರದ ಪಾಲಾಗ್ತೈತೆ ಅಂತ ಹಿಂಗೆ ಆಡ್ತಿದ್ದಾರೆ. ಇದು ನಾರೇ! ನಾನು ಇದನ್ನ ಇಟ್ಕಂಡು ಮಠಕ್ಕೆ ಎರಡು ಸಲ ಹೋಗಿದ್ದೀನಿ, ಲಿಂಗಪೂಜೆಗೆ ಕುಂತಿದ್ದೀನಿ. ಹಕ್ಕಿ ಗರಿ ಆಗಿದ್ರೆ ನನ್ನಂಥೋನಿಗೆ ಗೊತ್ತಾಗ್ತಿರ್ಲಿಲ್ವಾ?"

"ಬೀಗರೆ, ಬ್ಯಾಡ್ರಿ" ಅಂದ ಪರಮೇಶ್ವರಪ್ಪ, ಅಳುವ ದನಿಯಲ್ಲಿ. "ನನ್ನ ಮಾತು ಕೇಳ್ರಿ, ಕುಂತ್ಕಳ್ರಿ."

"ಕುಂತ್ಕಳಾಕಿಲ್ಲ! ಸುಟ್ಟು ತೋರಿಸ್ತೀನಿ. ಹೊಸದುರ್ಗದ ಮನೆ ಮನೆ ಒಲೇಲೂ ನಾರೇ ಉರಿಯೋದು. ಅದರ ವಾಸನೆ ಹುಟ್ಟಿದ ಕೂಸಿಗೂ ಗೊತ್ತು. ತರ್ರಿ ಬೆಂಕಿ!"

ಜವಾನ ಅರಗು ಕರಗಿಸುವ ದೀಪ ತಂದಿಟ್ಟ. ಪಂಚಾಕ್ಷರಪ್ಪನವರು ಪೇಟದಿಂದ ತುರಾಯಿ ಕಿತ್ತು, ಸಭೆಗೆಲ್ಲ ಒಂದು ಸಲ ತೋರಿಸಿ, ದೀಪಕ್ಕೆ ಹಿಡಿದರು.

ಅದು ನಾರಿನಂತೆ ಉರಿಯಲಿಲ್ಲ. ಚುರುಚುರು ಅಂತ ಸುರುಟಿಕೊಂಡು ಕರಿ ಗಂಟಾಯಿತು. ಆಮೇಲೆ ವಾಸನೆ ಎದ್ದಿತು. ಕೂದಲು ಸುಟ್ಟರೆ ಬರುತ್ತದಲ್ಲ, ಅದೇ. ಮೊದಲ ಸಾಲಿನವರು ಮೂಗಿಗೆ ಪಂಚೆಯ ಚುಂಗು ಹಿಡಿದರು. ಎರಡನೆಯ ಸಾಲಿನವರು ಕೆಮ್ಮಿದರು. ಕಿಟಕಿಯ ಹೊರಗಿನಿಂದ ಏಕನಾಥಮ್ಮನ ದನಿ ಬಂತು: "ನಾರಲ್ಲ ಬಿಡ್ರಿ. ಖರೇ ಹೆಣ."

ಪಂಚಾಕ್ಷರಪ್ಪನವರು ಕೈಯಲ್ಲಿದ್ದ ಕರಿ ಗಂಟನ್ನು ನೋಡಿದರು. ಪೇಟ ತೆಗೆದು ಕುರ್ಚಿಯ ಮೇಲಿಟ್ಟರು. ಆ ಕುರ್ಚಿಯಿಂದ ದೂರ ಸರಿದು ನಿಂತರು.

ಮುಂದಿನದನ್ನು ಅಮಲ್ದಾರರು ಚುಟುಕಾಗಿ ಮುಗಿಸಿದರು. ಟ್ರಂಕಿಗೆ ಮೊಹರು. ಏಜೆಂಟನನ್ನು ದಫೇದಾರನ ಸುಪರ್ದಿಗೆ. ಹಟ್ಟಿ ಕೆರೆಯ ಹತ್ತಿರ ಈಡಿನ ಸದ್ದು ಕೇಳಿದರೆ ನೇರವಾಗಿ ತಮಗೇ ಬಂದು ಹೇಳಬೇಕು ಅಂತ ಕೆಂಚಕ್ಕನಿಗೆ ಅಪ್ಪಣೆ. ಸುಳ್ಳು ಚೀಟಿಗೆ ಸಹಿ ಹಾಕಿದವನಿಗೆ ಜುಲ್ಮಾನೆ. ಬರೆದವನಿಗೂ ಜುಲ್ಮಾನೆ, ಇದು ಯಾವ ನ್ಯಾಯವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕಡೆಗೆ ತಲೆ ಮೇಲೆ ಕೈ ಹೊತ್ತು, "ಹಾಗಾದರೆ ಪ್ರದರ್ಶನಕ್ಕೆ... ಮತ್ತೆ ಕುಂಬಳಕಾಯಿ" ಅಂದು ಎದ್ದು ಒಳಗೆ ಹೋದರು.

ಜನ ಕರಗಿದ ಮೇಲೆ ನಾನು ಬೇವಿನ ಮರದ ಬುಡಕ್ಕೆ ಬಂದೆ. ನೋಡಿದರೆ ನನ್ನ ಚಾಪೆಯ ಮೇಲೆ ಪಂಚಾಕ್ಷರಪ್ಪನವರು ಪೇಟವಿಲ್ಲದ ಬರಿ ತಲೆಯಲ್ಲಿ ಕುಳಿತಿದ್ದಾರೆ. ಪರಮೇಶ್ವರಪ್ಪ ಎದುರಿಗೆ ಕೈ ಕಟ್ಟಿ ನಿಂತಿದ್ದಾನೆ. ಸ್ವಲ್ಪ ದೂರದಲ್ಲಿ ಗಾಡಿಯ ಮರೆಗೆ ಶಿವಗಂಗಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು, ಕೊಟ್ರಮ್ಮ ಬೆನ್ನು ಸವರುತ್ತಿದ್ದಳು. ಹುಡುಗಿ ಮಾಡಿದ ತಪ್ಪೇನು ಹೇಳಿ?

"ತಪ್ಪಾತ್ರಿ" ಅಂದ ಪರಮೇಶ್ವರಪ್ಪ. "ನಿಮ್ಮ ತಲೆಗೆ ನಾನೇ ಕೈಯಾರೆ ಕಟ್ಟಿದೆ. ಏನಂದ್ರೂ ಅನ್ನಿಸ್ಕಂತೀನಿ."

ಒಂದು ಇರುವೆ ಚಾಪೆ ಹತ್ತಿತು. ಪಂಚಾಕ್ಷರಪ್ಪನವರು ಕಾಲು ಸರಿಸಿ ದಾರಿ ಬಿಟ್ಟರು.

"ಇವತ್ತೇ ಹೊಳಲ್ಕೆರೆಗೆ ಸುದ್ದಿ ಮುಟ್ತೈತೆ, ಅಲ್ವೇನ್ರಿ?"

"ಮುಟ್ಟಿರಬೇಕು ಬಿಡ್ರಿ. ಏಕನಾಥಮ್ಮನ ತವರು ಅಲ್ಲೇ."

"ಚಿತ್ರದುರ್ಗಕ್ಕೆ?"

"ನಾಳೆ ಸಂತೆ ಐತೆ."

"ಹೆಣದ ಗರಿ ಇಟ್ಕಂಡು ಪೂಜೆಗೆ ಕುಂತೋನ ಮನೆಗೆ ಆಚಾರ ಇರೋರು ಯಾರು ಹೆಣ್ಣು ಕೊಡ್ತಾರ್ರಿ?"

ಪರಮೇಶ್ವರಪ್ಪ ಪ್ರಾಮಾಣಿಕನಾಗಿ ಇನ್ನೂ ಒಂದು ತಾಸೂ ಆಗಿರಲಿಲ್ಲ, ಅಭ್ಯಾಸ ಕೈಗೂಡಿರಲಿಲ್ಲ. "ಯಾರೂ ಕೊಡಾಕಿಲ್ರಿ" ಅಂದುಬಿಟ್ಟ.

"ನಿಮ್ಮ ಮಗಳನ್ನ?"

"ಯಾರೂ ತಗಳಾಕಿಲ್ಲ."

ಗಾಡಿಯ ಹಿಂದೆ ಬಿಕ್ಕುವ ಸದ್ದು ನಿಂತಿತು. ಪಂಚಾಕ್ಷರಪ್ಪನವರು ಪಂಚೆ ಕೊಡವಿಕೊಂಡು ಎದ್ದು, ನನ್ನ ಮಸಿಕುಡಿಕೆಯನ್ನು ತಾವೇ ಎತ್ತಿ ನನ್ನ ಮುಂದೆ ಇಟ್ಟರು.

"ಗೋವಿಂದಯ್ಯನೋರೆ, ಲಗ್ನಪತ್ರ ಬರೀರಿ. ಊರೋರು ನಮ್ಮಿಬ್ಬರನ್ನೂ ಬಿಟ್ಟು ಹೋಗೋದ್ರೊಳಗೆ ನಾವು ನಾವು ಹಿಡ್ಕಳಾಣ."